ಸೆಕೆಂಡ್ ಹ್ಯಾಂಡ್ ಪೆಟ್ರೋಲ್ ಕಾರು ರಿಚ್ ಓಡುತ್ತಿದ್ದರೆ ಕಾರಣ ಹುಡುಕುವ ಕ್ರಮ

ಕೊಂಡ ಹಳೆಯ ಕಾರು ಮೈಲೇಜ್ ಕೊಡುತ್ತಿಲ್ಲ, ಸೈಲೆನ್ಸರ್ ಬಳಿ ಪೆಟ್ರೋಲ್ ವಾಸನೆ ಕಣ್ಣು ಉರಿಸುವಷ್ಟಿದೆ, ಆಕ್ಸಿಲರೇಟರ್ ಒತ್ತಿದಾಗ ಕಪ್ಪು ಹೊಗೆ ಬರುತ್ತದೆ ಎಂದಾದರೆ, ಇಂಜಿನ್ನಿಗೆ ಗಾಳಿಯ ಪ್ರಮಾಣಕ್ಕಿಂತ ಹೆಚ್ಚು ಪೆಟ್ರೋಲ್ ಹೋಗುತ್ತಿದೆ ಎಂದು ಅನುಮಾನಿಸಬೇಕು. ಶುದ್ಧ ಪೆಟ್ರೋಲಿಗೆ ತೂಕದ ಲೆಕ್ಕದಲ್ಲಿ ಸುಮಾರು 14.7 ಪಾಲು ಗಾಳಿಗೆ ಒಂದು ಪಾಲು ಇಂಧನ ಸರಿಯಾದ ಮಿಶ್ರಣ. ಇಂಧನದ ಪಾಲು ಇದಕ್ಕಿಂತ ಹೆಚ್ಚಾದರೆ ಮಿಶ್ರಣ ರಿಚ್ ಆಗುತ್ತದೆ. ಧಾರವಾಡದ ಚಳಿಯ ಬೆಳಿಗ್ಗೆ ಕೆಲವು ನಿಮಿಷ ಕಾಣುವ ಬಿಳಿ ಹಬೆಗೂ, ಆಯಿಲ್ ಸುಡುವ ನೀಲಿ ಹೊಗೆಗೂ ಈ ದೋಷದೊಡನೆ ಸಂಬಂಧವಿಲ್ಲ.

ಸ್ಕ್ಯಾನರ್‌ನಲ್ಲಿ (ಕಾರಿನ ಕಂಪ್ಯೂಟರ್ ದಾಖಲಿಸಿದ ದೋಷಗಳನ್ನು ಓದುವ ಉಪಕರಣ) ಪಿ0172 ಕೋಡ್ ಕಂಡ ಕೂಡಲೇ, ಹೊಗೆಯಲ್ಲಿ ಉಳಿದ ಆಮ್ಲಜನಕವನ್ನು ಅಳೆಯುವ ಆಕ್ಸಿಜನ್ ಸೆನ್ಸರ್ ಬದಲಿಸುವ ರೂಢಿ ಅನೇಕ ಗ್ಯಾರೇಜ್‌ಗಳಲ್ಲಿದೆ. ಇದು ಮಾಲೀಕನ ಹಣವನ್ನು ವ್ಯರ್ಥ ಮಾಡುವ ಕ್ರಮವೆಂದು ಸ್ಪಷ್ಟವಾಗಿ ಹೇಳಬೇಕಾಗುತ್ತದೆ, ಏಕೆಂದರೆ ಆ ಕೋಡ್ ಮಿಶ್ರಣ ರಿಚ್ ಇದೆ ಎಂದಷ್ಟೇ ತಿಳಿಸುತ್ತದೆ. ಯಾವ ಭಾಗ ಕೆಟ್ಟಿದೆ ಎಂಬುದನ್ನು ಅದು ತಿಳಿಸುವುದಿಲ್ಲ. ಕೋಡ್ ಇಲ್ಲದಿದ್ದರೂ ನಿಶ್ಚಿಂತೆಯಿಂದಿರುವಂತಿಲ್ಲ. ಮಾರುವವರು ಕೋಡ್ ಅಳಿಸಿ ಕೊಟ್ಟಿರಬಹುದು. ಸ್ಕ್ಯಾನರ್‌ನಲ್ಲಿ ರೆಡಿನೆಸ್ ಮಾನಿಟರ್‌ಗಳು (ಕಾರಿನ ಕಂಪ್ಯೂಟರ್ ತಾನೇ ನಡೆಸುವ ಪರೀಕ್ಷೆಗಳು) ಅಪೂರ್ಣವೆಂದು ತೋರಿಸಿದರೆ ಇತ್ತೀಚೆಗೆ ಅಳಿಸಿರುವ ಅಥವಾ ಬ್ಯಾಟರಿ ಬಿಚ್ಚಿರುವ ಸಾಧ್ಯತೆ ಇದೆ.

ಮೊದಲು ತಣ್ಣಗಿರುವ ಇಂಜಿನ್ನಿನ ಸ್ಪಾರ್ಕ್ ಪ್ಲಗ್‌ಗಳನ್ನೆಲ್ಲ ಬಿಚ್ಚಿ, ಸಿಲಿಂಡರ್‌ಗಳ ಕ್ರಮದಲ್ಲೇ ಬಟ್ಟೆಯ ಮೇಲೆ ಸಾಲಾಗಿ ಇಡಬೇಕು. ಸರಿಯಾಗಿ ಉರಿದ ಪ್ಲಗ್‌ನ ತುದಿ ತಿಳಿ ಕಂದು ಅಥವಾ ಬೂದು ಬಣ್ಣದ್ದಾಗಿರುತ್ತದೆ. ರಿಚ್ ಮಿಶ್ರಣದಲ್ಲಿ ಬೆರಳಿಗೆ ಅಂಟುವ, ಒಣಗಿದ ಕಪ್ಪು ಮಸಿ ಕೂಡಿರುತ್ತದೆ. ಮಸಿ ಜಿಡ್ಡುಜಿಡ್ಡಾಗಿದ್ದರೆ ಅದು ಆಯಿಲ್. ನಾಲ್ಕೂ ಪ್ಲಗ್‌ಗಳು ಒಂದೇ ರೀತಿ ಕಪ್ಪಾಗಿದ್ದರೆ ಕಾರಣ ಎಲ್ಲ ಸಿಲಿಂಡರ್‌ಗಳಿಗೂ ಸಮಾನವಾದದ್ದು, ಅಂದರೆ ಸೆನ್ಸರ್, ಪೆಟ್ರೋಲ್ ಒತ್ತಡ ಅಥವಾ ಟ್ಯಾಂಕಿನ ಪೆಟ್ರೋಲ್ ಆವಿಯನ್ನು ಇಂಜಿನ್ನಿಗೆ ಬಿಡುವ ಪರ್ಜ್ ವಾಲ್ವ್. ಒಂದೇ ಒಂದು ಕಪ್ಪಾಗಿದ್ದರೆ ಆ ಸಿಲಿಂಡರ್‌ನ ಇಂಜೆಕ್ಟರ್ ಸೋರುತ್ತಿರಬೇಕು, ಇಲ್ಲವೇ ಕಾಯಿಲ್ ಸರಿಯಾಗಿ ಕಿಡಿ ಕೊಡುತ್ತಿಲ್ಲ. ಬಿಸಿ ಇಂಜಿನ್ ಆಫ್ ಮಾಡಿ ಸ್ವಲ್ಪ ಹೊತ್ತು ಬಿಟ್ಟಾಗ ಸೆಲ್ಫ್ ಹೆಚ್ಚು ಹೊಡೆಯಬೇಕಾದರೆ ಇಂಜೆಕ್ಟರ್ ಸೋರಿಕೆಯ ಅನುಮಾನ ಬಲವಾಗುತ್ತದೆ. ಆಯಿಲ್ ಡಿಪ್‌ಸ್ಟಿಕ್ಕನ್ನೂ ಮೂಸಿ ನೋಡಬೇಕು; ಪೆಟ್ರೋಲ್ ವಾಸನೆ ಬಂದರೆ ಹೆಚ್ಚಾದ ಪೆಟ್ರೋಲ್ ಆಯಿಲಿಗೆ ಬೆರೆತಿದೆ.

ಅತ್ಯಂತ ಉಪಯುಕ್ತವಾದ ಪರೀಕ್ಷೆ ಇಂಜಿನ್ ಸ್ಟಾರ್ಟ್ ಮಾಡುವ ಮೊದಲೇ ನಡೆಯುತ್ತದೆ. ರಾತ್ರಿಯಿಡೀ ನಿಂತ ಕಾರಿಗೆ ಬೆಳಿಗ್ಗೆ ಸ್ಕ್ಯಾನರ್ ಜೋಡಿಸಿ, ಚಾವಿಯನ್ನು ಆನ್ ಮಾತ್ರ ಮಾಡಿ, ಮೂರು ಅಂಕಿಗಳನ್ನು ಬರೆದುಕೊಳ್ಳಬೇಕು. ಕೂಲೆಂಟ್ ಉಷ್ಣತೆ ಮತ್ತು ಒಳಬರುವ ಗಾಳಿಯ ಉಷ್ಣತೆ ಹೆಚ್ಚುಕಡಿಮೆ ಒಂದೇ ಇರಬೇಕು. ಕೂಲೆಂಟ್ ಸೆನ್ಸರ್ ಮಾತ್ರ ಬಹಳ ಕಡಿಮೆ ತೋರಿಸಿದರೆ, ಇಂಜಿನ್ ಇನ್ನೂ ತಣ್ಣಗಿದೆ ಎಂದು ತಿಳಿದು ಕಂಪ್ಯೂಟರ್ ಹೆಚ್ಚು ಪೆಟ್ರೋಲ್ ಬಿಡುತ್ತದೆ. ಮೂರನೆಯದು ಮ್ಯಾನಿಫೋಲ್ಡ್ (ಇಂಜಿನ್ನಿಗೆ ಗಾಳಿ ಒಯ್ಯುವ ಕೊಳವೆ) ಒಳಗಿನ ಗಾಳಿಯನ್ನು ಅಳೆಯುವ ಮ್ಯಾಪ್ ಸೆನ್ಸರ್ ತೋರಿಸುವ ಒತ್ತಡ. ಇಂಜಿನ್ ಓಡದಿರುವಾಗ ಅದು ಹೊರಗಿನ ವಾಯುಭಾರಕ್ಕೆ ಸಮನಾಗಿರಬೇಕು. ಪುಸ್ತಕಗಳು ಹೇಳುವ 101 ಕಿಲೋಪ್ಯಾಸ್ಕಲ್ ಕಾರವಾರದಂಥ ಕಡಲ ಮಟ್ಟದ ಊರಿಗೆ ಸರಿ. ಸುಮಾರು 700 ಮೀಟರ್ ಎತ್ತರದ ಹುಬ್ಬಳ್ಳಿ-ಧಾರವಾಡದಲ್ಲಿ 93ರ ಆಸುಪಾಸು ಬರಬೇಕು. ಇಲ್ಲಿ ನಿಂತ ಕಾರು 101 ತೋರಿಸಿದರೆ, ಸೆನ್ಸರ್ ಇಲ್ಲದ ಗಾಳಿಯನ್ನು ಇದೆ ಎನ್ನುತ್ತಿದೆ, ಅದಕ್ಕೆ ತಕ್ಕಂತೆ ಪೆಟ್ರೋಲೂ ಹೆಚ್ಚುತ್ತಿದೆ. ಸೆನ್ಸರ್‌ಗೆ ಹೋಗುವ ರಬ್ಬರ್ ಪೈಪ್ ಬಿರುಕು ಬಿಟ್ಟಿದ್ದರೂ ಇಂಜಿನ್ ಓಡುವಾಗ ಇದೇ ಪರಿಣಾಮ ಉಂಟಾಗುತ್ತದೆ.

ನಂತರ ಕಾರನ್ನು ಬೈಪಾಸ್ ಕಡೆ ಓಡಿಸಿ, ಉಷ್ಣತೆ 80 ಡಿಗ್ರಿ ದಾಟುವುದೇ ಎಂದು ನೋಡಬೇಕು. ದಾಟದಿದ್ದರೆ ಕೂಲೆಂಟ್ ಹರಿವನ್ನು ನಿಯಂತ್ರಿಸುವ ಥರ್ಮೋಸ್ಟ್ಯಾಟ್ ತೆರೆದೇ ಉಳಿದಿದೆ, ಅಥವಾ ಹಿಂದಿನ ಮಾಲೀಕರು ಅದನ್ನು ತೆಗೆಸಿಹಾಕಿದ್ದಾರೆ. ಬಿಸಿಯಾದ ಮೇಲೆ ಲಾಂಗ್ ಟರ್ಮ್ ಫ್ಯೂಯಲ್ ಟ್ರಿಮ್ (ಪೆಟ್ರೋಲ್ ಪ್ರಮಾಣದಲ್ಲಿ ಕಂಪ್ಯೂಟರ್ ಮಾಡಿಕೊಂಡ ದೀರ್ಘಾವಧಿಯ ತಿದ್ದುಪಡಿ) ಶೇ 10ಕ್ಕಿಂತ ಹೆಚ್ಚು ಮೈನಸ್ ತೋರಿಸಿದರೆ, ಕಂಪ್ಯೂಟರ್ ಹೆಚ್ಚಾದ ಪೆಟ್ರೋಲನ್ನು ಕಡಿತಗೊಳಿಸಲು ಹೆಣಗುತ್ತಿದೆ. ಶೇ 20 ಎಥೆನಾಲ್ ಬೆರೆಸಿದ ಇ20 ಪೆಟ್ರೋಲ್ ಈ ಅಂಕಿಯನ್ನು ಪ್ಲಸ್ ಕಡೆಗೇ ಎಳೆಯುವುದರಿಂದ ಮೈನಸ್ ಬಂದರೆ ಇಂಧನವನ್ನು ದೂರುವಂತಿಲ್ಲ. ಸ್ಲೋನಲ್ಲಿ (ಆಕ್ಸಿಲರೇಟರ್ ಒತ್ತದೆ ಇಂಜಿನ್ ಓಡುವಾಗ) ಮೈನಸ್ ಇದ್ದು 2500 ಆರ್‌ಪಿಎಂನಲ್ಲಿ ಸರಿಹೋದರೆ ಇಂಜೆಕ್ಟರ್ ಸೋರಿಕೆ ಅಥವಾ ಪರ್ಜ್ ವಾಲ್ವ್ ಕಡೆ ನೋಡಬೇಕು; ಪೆಟ್ರೋಲ್ ಆವಿ ಹಿಡಿದಿಡುವ ಕ್ಯಾನಿಸ್ಟರ್‌ನಿಂದ ಮ್ಯಾನಿಫೋಲ್ಡ್‌ಗೆ ಬರುವ ಪೈಪನ್ನು ಒತ್ತಿ ಹಿಡಿದಾಗ ಟ್ರಿಮ್ ಸೊನ್ನೆಯತ್ತ ಬಂದರೆ ವಾಲ್ವ್ ಮುಚ್ಚುತ್ತಿಲ್ಲ. ಎಲ್ಲ ವೇಗದಲ್ಲೂ ಮೈನಸ್ ಇದ್ದರೆ ಪೆಟ್ರೋಲ್ ಒತ್ತಡವನ್ನು ಗೇಜ್ ಹಾಕಿ ಅಳೆಸಬೇಕು. ಇದನ್ನು ಅನುಭವಿ ಮೆಕ್ಯಾನಿಕ್‌ಗೇ ಬಿಡುವುದು ಒಳಿತು. ಗೇಜ್ ಹಾಕುವ ಪೆಟ್ರೋಲ್ ಪೈಪಿನಲ್ಲಿ ಸಾಮಾನ್ಯವಾಗಿ 3 ಬಾರ್ ಅಥವಾ ಅದಕ್ಕಿಂತ ಹೆಚ್ಚಿನ ಒತ್ತಡದಲ್ಲಿ ಪೆಟ್ರೋಲ್ ಇರುತ್ತದೆ.

ಟ್ರಿಮ್ ಪ್ಲಸ್ ಇದ್ದೂ ಪ್ಲಗ್‌ಗಳು ಕಪ್ಪಾಗಿದ್ದರೆ ಪರಿಸ್ಥಿತಿ ಬೇರೆ. ಆಕ್ಸಿಜನ್ ಸೆನ್ಸರ್‌ಗಿಂತ ಮುಂಚೆ ಸೈಲೆನ್ಸರ್ ಪೈಪ್ ಸೋರಿ ಹೊರಗಾಳಿ ಒಳಸೇರುತ್ತಿರಬಹುದು, ಇಲ್ಲವೇ ಒಂದು ಸಿಲಿಂಡರ್ ಉರಿಯದೆ ಅದರ ಆಮ್ಲಜನಕ ಹಾಗೆಯೇ ಹೊರಬರುತ್ತಿರಬಹುದು. ಎರಡರಲ್ಲೂ ಸೆನ್ಸರ್ ಪೆಟ್ರೋಲ್ ಸಾಲದೆಂದು ತಿಳಿಸುತ್ತದೆ. ಇವೆರಡೂ ಇಲ್ಲವೆಂದು ಖಚಿತವಾದ ಮೇಲಷ್ಟೇ ಹೊಸ ಸೆನ್ಸರ್‌ಗೆ ಹಣ ಕೊಡಬೇಕು. ಸಿಎನ್‌ಜಿ ಕಿಟ್ ಇರುವ ಕಾರಿನಲ್ಲಿ ಗ್ಯಾಸ್ ಸಿಲಿಂಡರಿನ ವಾಲ್ವ್ ಮುಚ್ಚಿ, ಪೆಟ್ರೋಲಿನಲ್ಲೇ ಓಡಿಸಿ ಈ ಎಲ್ಲ ಅಂಕಿಗಳನ್ನು ನೋಡಬೇಕು.

ದೋಷ ಸರಿಪಡಿಸಿದ ಮೇಲೆ, ಪೆಟ್ರೋಲ್ ಬೆರೆತ ಆಯಿಲನ್ನು ಫಿಲ್ಟರ್ ಸಹಿತ ಬದಲಿಸಿ, ಕೋಡ್ ಮತ್ತು ಟ್ರಿಮ್ ಅಳಿಸಿ, ಕೆಲವು ದಿನ ಓಡಿಸಿ ಮತ್ತೆ ಸ್ಕ್ಯಾನ್ ಮಾಡಬೇಕು. ಎಮಿಷನ್ ಟೆಸ್ಟ್ ಮಾಡಿಸಿದಾಗ ಪಾಸ್ ಎಂಬುದನ್ನಷ್ಟೇ ನೋಡದೆ ಕಾರ್ಬನ್ ಮಾನಾಕ್ಸೈಡ್ ಅಂಕಿಯನ್ನೂ ಓದಬೇಕು. ಭಾರತ್ ಸ್ಟೇಜ್ 4 ಮಾಲಿನ್ಯ ಮಾನದಂಡದ ಪೆಟ್ರೋಲ್ ಕಾರಿಗೆ ಸ್ಲೋನಲ್ಲಿ ಮಿತಿ ಶೇ 0.3. ಟ್ರಿಮ್ ಸರಿಯಾಗಿದ್ದೂ ಆ ಅಂಕಿ ಹೆಚ್ಚಾಗಿದ್ದರೆ, ಬಹಳ ಕಾಲ ರಿಚ್ ಓಡಿದ ಕಾರಿನ, ಹೊಗೆಯನ್ನು ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಹಾಳಾಗಿರುವ ಸಾಧ್ಯತೆ ಹೆಚ್ಚು. ಅದರ ಬೆಲೆ ದೊಡ್ಡದಾದ್ದರಿಂದ ಹಳೆಯ ಕಾರು ಕೊಳ್ಳಲಿರುವವರು ವ್ಯವಹಾರ ಮುಗಿಯುವ ಮೊದಲೇ ಈ ಪರೀಕ್ಷೆ ಮಾಡಿಸಬೇಕು.