ಬಂಗಾರಪೇಟೆಯಲ್ಲಿ ಕೂತು ಜಾಝ್ ಪ್ಲೇಟು ಕೂಡಿಸಿದ್ದು

ಜಾಝ್ ರೆಕಾರ್ಡ್ ಕೈಗೆ ಬಂದರೆ ನಾನು ಮುಂದಿನ ಚಿತ್ರ ನೋಡುವುದಿಲ್ಲ. ತಿರುಗಿಸಿ ಹಿಂಬದಿಯ ಸಣ್ಣ ಅಕ್ಷರ ಓದುತ್ತೇನೆ. ಬಾಸ್ (ಕೆಳಸ್ಥಾಯಿಯ ದೊಡ್ಡ ತಂತಿವಾದ್ಯ) ಯಾರು, ಡ್ರಮ್ಸ್ ಯಾರು, ಪಿಯಾನೋ ಯಾರು, ಯಾವ ತಾರೀಕು ರೆಕಾರ್ಡ್ ಆಯಿತು. ರಾಮನವಮಿ ಕಛೇರಿಯ ಕರಪತ್ರ ಬಂದರೆ ನಮ್ಮಪ್ಪ ಹಾಡುವವರ ಹೆಸರಿಗಿಂತ ಮೊದಲು ಮೃದಂಗ ಯಾರದು ಅಂತ ನೋಡುತ್ತಿದ್ದರು. ಆ ಚಾಳಿ ನನಗೂ ಬಂತು. ಜಾಝ್ ವಿಷಯದಲ್ಲಿ ಅದು ದುಡ್ಡೂ ಉಳಿಸಿದೆ, ದಾರಿಯೂ ತೋರಿಸಿದೆ.

ನನ್ನದು ಮೋಟಾರ್ ರಿವೈಂಡಿಂಗ್ ಅಂಗಡಿ. ಕೋಲಾರ ಜಿಲ್ಲೆಯಲ್ಲಿ ಬೋರ್‌ವೆಲ್ ಸಾವಿರ, ಸಾವಿರದೈನೂರು ಅಡಿ ಇಳಿದಿವೆ. ಬೇಸಿಗೆಯಲ್ಲಿ ದಿನಾ ಒಂದಲ್ಲ ಒಂದು ಪಂಪು ಸುಟ್ಟು ಬರುತ್ತದೆ. ಆಗ ಸಂಗೀತಕ್ಕೆ ಪುರುಸೊತ್ತಿಲ್ಲ. ಮಳೆ ಬಿದ್ದು ಕೆಲಸ ಕಡಿಮೆಯಾದರೆ ರಾತ್ರಿ ಶಟರ್ ಅರ್ಧ ಎಳೆದು ಪ್ಲೇಟು ಹಾಕುತ್ತೇನೆ. ‘ರಿವೈಂಡಿಂಗ್‌ನವನಿಗೆ ಜಾಝ್ ಎಲ್ಲಿಂದ ಬಂತು?’ ಅಂತ ಬೆಂಗಳೂರಿನವರು ಕೇಳುತ್ತಾರೆ. ಕೆಜಿಎಫ್ ನಮ್ಮ ಪಕ್ಕದಲ್ಲೇ ಇದೆಯಲ್ಲ, ಅಲ್ಲಿಂದ.

ಶಿವನಸಮುದ್ರದಿಂದ 1902ರಲ್ಲೇ ಕರೆಂಟು ಬಂದ ಊರು ಅದು. ಇಂಗ್ಲಿಷ್ ಎಂಜಿನಿಯರುಗಳು, ಆಂಗ್ಲೋ ಇಂಡಿಯನ್ ಮನೆತನಗಳು, ಕ್ಲಬ್ಬು, ಡ್ಯಾನ್ಸು, ಎಲ್ಲಾ ಇತ್ತು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಎಷ್ಟೋ ಮನೆಯವರು ಅದಕ್ಕೂ ಮೊದಲೇ ಆಸ್ಟ್ರೇಲಿಯಾ ಕಡೆ ಹೋಗಿದ್ದರು. ಉಳಿದವರೂ ಮನೆ ಖಾಲಿ ಮಾಡುವಾಗ ಸಾಮಾನು ಗುಜರಿಗೆ ಬಂತು. ರಾಬರ್ಟ್‌ಸನ್‌ಪೇಟೆಯ ಗುಜರಿ ಅಂಗಡಿಯಲ್ಲಿ ತಾಮ್ರದ ತಂತಿ ಹುಡುಕುತ್ತಿದ್ದ ನನಗೆ ಪ್ಲೇಟುಗಳ ಕಟ್ಟು ಸಿಕ್ಕಿದ್ದು ಹಾಗೆ.

ಆಸೆ ಹುಟ್ಟಿಸುವುದು ಬೇಡ, ಇದ್ದದ್ದು ಹೇಳುತ್ತೇನೆ. ಆ ಕಟ್ಟುಗಳಲ್ಲಿ ಮುಕ್ಕಾಲು ಪಾಲು ಅಮೆರಿಕಾದ ಕಂಟ್ರಿ ಗಾಯಕ ಜಿಮ್ ರೀವ್ಸ್. ಆಮೇಲೆ ಕ್ಲಿಫ್ ರಿಚರ್ಡ್, ಕ್ರಿಸ್‌ಮಸ್ ಹಾಡು, ಡ್ಯಾನ್ಸ್ ಬ್ಯಾಂಡು. ಜಾಝ್ ಅಂತ ಕರೆಯಬಹುದಾದದ್ದು ಅಲ್ಲೊಂದು ಇಲ್ಲೊಂದು. ಆದರೂ ಆ ಒಂದೆರಡರ ಹಿಂದೆ ಮನುಷ್ಯರಿದ್ದರು. ಕೆಜಿಎಫ್‌ನ ಊರಿಗಾಂನಲ್ಲಿ ಒಬ್ಬರು ನಿವೃತ್ತ ಫೋರ್‌ಮನ್ ಅಂಕಲ್ ಇದ್ದರು. ಅವರ ಸೀಲಿಂಗ್ ಫ್ಯಾನ್ ಕಟ್ಟಿಕೊಟ್ಟಿದ್ದಕ್ಕೆ ದುಡ್ಡಿನ ಜೊತೆ ಒಂದು ಎಲ್‌ಪಿ ಕೊಟ್ಟರು. ಅದು ಪಿಯಾನೋ ವಾದಕ ಡೇವ್ ಬ್ರೂಬೆಕ್ಕರ ‘ಟೈಮ್ ಔಟ್’. ವಾಯ್ಸ್ ಆಫ್ ಅಮೆರಿಕಾದಲ್ಲಿ 1955ರಿಂದ ವಿಲ್ಲಿಸ್ ಕಾನೋವರ್ ಅನ್ನುವವರು ಜಾಝ್ ಕಾರ್ಯಕ್ರಮ ಕೊಡುತ್ತಿದ್ದರು. ಅಂಕಲ್ ಅದನ್ನು ಶಾರ್ಟ್‌ವೇವ್‌ನಲ್ಲಿ ಹಿಡಿದು ಕೇಳುತ್ತಿದ್ದರಂತೆ. ಕಾನೋವರ್ ಬಿಡಿಸಿ ಬಿಡಿಸಿ, ನಿಧಾನವಾಗಿ ಮಾತಾಡುತ್ತಿದ್ದರು. ಇಂಗ್ಲಿಷ್ ಅಷ್ಟಕ್ಕಷ್ಟೇ ಬಲ್ಲವರಿಗೂ ಅರ್ಥ ಆಗಲಿ ಅಂತ. ಆ ಎಲ್‌ಪಿಯಲ್ಲಿರುವ ‘ಟೇಕ್ ಫೈವ್’ನ ಐದೆಣಿಕೆಗೆ ನಾನು ಖಂಡ ನಡೆ ಹಾಕಿ ಕೂತಿದ್ದು ನೋಡಿ ಅಂಕಲ್ ನಕ್ಕರು. ‘ನೀನು ಸರಿಯಾಗೇ ಎಣಿಸ್ತಿದ್ದೀಯ ಮ್ಯಾನ್’ ಅಂದರು.

ದುಡ್ಡು ಕೊಟ್ಟು ಹುಡುಕಿ ತಂದ ಮೊದಲನೆಯದು ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್‌ರ ‘ಕೈಂಡ್ ಆಫ್ ಬ್ಲೂ’. 1959ರ ಮಾರ್ಚ್ 2 ಮತ್ತು ಏಪ್ರಿಲ್ 22ರಂದು ನ್ಯೂಯಾರ್ಕಿನಲ್ಲಿ ರೆಕಾರ್ಡ್ ಆದದ್ದು. ಮೊದಲ ಹಾಡು ‘ಸೋ ವಾಟ್’ನಲ್ಲಿ ಮುಖ್ಯ ಮಟ್ಟು ನುಡಿಸುವುದು ಟ್ರಂಪೆಟ್ ಅಲ್ಲ, ಬಾಸ್. ಅದು ಕೇಳುತ್ತದೆ, ಮಿಕ್ಕವರು ಎರಡೇ ಸ್ವರದಲ್ಲಿ ಉತ್ತರ ಕೊಡುತ್ತಾರೆ. ಆ ಬಾಸ್ ಪಾಲ್ ಚೇಂಬರ್ಸ್ ಅವರದು. ಆಗ ಅವರಿಗೆ 23 ವರ್ಷ. ಇಪ್ಪತ್ತಕ್ಕೇ ಮೈಲ್ಸ್ ತಂಡ ಸೇರಿದವರು.

ಅಲ್ಲಿಂದ ನನಗೆ ಒಂದು ನಿಯಮ ಸಿಕ್ಕಿತು: ಚೇಂಬರ್ಸ್ ಇದ್ದರೆ ಕೊಳ್ಳುವುದು. ‘ನೂರು ಶ್ರೇಷ್ಠ ಜಾಝ್ ಆಲ್ಬಂ’ ಥರದ ಪಟ್ಟಿಗಳಿಗಿಂತ ಇದು ಎಷ್ಟೋ ವಾಸಿ. ಸ್ಯಾಕ್ಸಫೋನ್ ವಾದಕ ಕೋಲ್‌ಟ್ರೇನ್‌ರ ‘ಬ್ಲೂ ಟ್ರೇನ್’ 1957ರದ್ದು, ಅದರಲ್ಲಿ ಚೇಂಬರ್ಸ್ ಇದ್ದಾರೆ. ಅವರದೇ ‘ಜಯಂಟ್ ಸ್ಟೆಪ್ಸ್’ನಲ್ಲಿದ್ದಾರೆ. ಅದರಲ್ಲಿರುವ ‘ಮಿಸ್ಟರ್ ಪಿ.ಸಿ.’ ಅನ್ನುವ ಹಾಡಿಗೆ ಅವರದೇ ಹೆಸರು. ಆಲಿವರ್ ನೆಲ್ಸನ್‌ರ ‘ದ ಬ್ಲೂಸ್ ಅಂಡ್ ದ ಆಬ್‌ಸ್ಟ್ರಾಕ್ಟ್ ಟ್ರುತ್’ 1961ರದ್ದು, ಅಲ್ಲೂ ಅವರೇ. ನನಗೆ ಎಲ್ಲಕ್ಕಿಂತ ಹತ್ತಿರವಾದದ್ದು ಸ್ಯಾಕ್ಸಫೋನ್ ವಾದಕ ಆರ್ಟ್ ಪೆಪ್ಪರ್ 1957ರ ಜನವರಿಯಲ್ಲಿ ಲಾಸ್ ಏಂಜಲೀಸ್‌ನಲ್ಲಿ ಮಾಡಿದ ರೆಕಾರ್ಡು. ಮೈಲ್ಸ್ ತಂಡದ ಪಿಯಾನೋ, ಬಾಸ್, ಡ್ರಮ್ಸ್ ಮೂವರನ್ನೂ ಒಟ್ಟಿಗೇ ಕರೆದು ಕೂರಿಸಿಕೊಂಡಿದ್ದರು. ರೆಡ್ ಗಾರ್ಲೆಂಡ್, ಚೇಂಬರ್ಸ್, ಫಿಲ್ಲಿ ಜೋ ಜೋನ್ಸ್. ಆಲ್ಬಂ ಹೆಸರಿನಲ್ಲೇ ‘ರಿದಂ ಸೆಕ್ಷನ್’ ಅಂತ ಇದೆ. ಪಕ್ಕವಾದ್ಯದವರ ಹೆಸರಿನ ಮೇಲೆ ರೆಕಾರ್ಡು ಮಾರಾಟ ಆಗುವುದು ನಮ್ಮಲ್ಲಿ ನೋಡಿದ್ದೀರಾ? ಚೇಂಬರ್ಸ್ 1969ರಲ್ಲಿ, 33ನೇ ವಯಸ್ಸಿಗೆ ಕ್ಷಯದಿಂದ ತೀರಿಕೊಂಡರು. ಹದಿನೈದು ವರ್ಷವೂ ಆಗದ ಕೆಲಸ, ಆದರೆ ಒಬ್ಬ ಮನುಷ್ಯ ಸಾಯುವ ತನಕ ಕೇಳುವಷ್ಟಿದೆ.

ಕೇಳುವ ರೀತಿ ಬಗ್ಗೆ ಒಂದು ಮಾತು. ‘ಸೋ ವಾಟ್’ 32 ಬಾರ್‌ಗಳ ಸುತ್ತು. ಬಾರ್‌ಗೆ ನಾಲ್ಕು ಎಣಿಕೆ. ಎಂಟು ಬಾರ್ ಅಂದರೆ ಆದಿತಾಳದ ನಾಲ್ಕು ಆವರ್ತ. ಮೊದಲ ಹದಿನಾರು ಬಾರ್ ಒಂದು ನೆಲೆಯಲ್ಲಿ. ನಮ್ಮ ಲೆಕ್ಕದಲ್ಲಿ ಅವು ಖರಹರಪ್ರಿಯದ ಸ್ವರಗಳು. ಮುಂದಿನ ಎಂಟು ಬಾರ್‌ಗೆ ಇಡೀ ನೆಲೆಯೇ ಒಂದು ಸ್ವರಸ್ಥಾನ ಮೇಲೇರುತ್ತದೆ. ಕೊನೆಯ ಎಂಟಕ್ಕೆ ಮತ್ತೆ ಕೆಳಗೆ. ಸುಮ್ನೆ ಕೈಯಲ್ಲಿ ತಾಳ ಹಾಕುತ್ತಾ ಆ ಏರಿಕೆ ಎಲ್ಲಿ ಬರುತ್ತದೆ ಅಂತ ಹಿಡಿಯಿರಿ. ಒಮ್ಮೆ ಸಿಕ್ಕರೆ ಮೈಲ್ಸ್, ಕೋಲ್‌ಟ್ರೇನ್, ಸ್ಯಾಕ್ಸಫೋನಿನ ಆಡರ್ಲಿ, ಪಿಯಾನೋದ ಬಿಲ್ ಇವಾನ್ಸ್ ಒಬ್ಬೊಬ್ಬರೂ ಆ ಜಾಗ ದಾಟುವ ಬಗೆ ಬೇರೆ ಬೇರೆ ಅನ್ನುವುದು ಕೇಳುತ್ತದೆ. ಮೈಲ್ಸ್ ಕಾಯುತ್ತಾರೆ. ಕೋಲ್‌ಟ್ರೇನ್‌ಗೆ ಕಾಯುವ ಸಹನೆ ಇಲ್ಲ. ಎರಡನೇ ಸಲ ಕೇಳುವಾಗ ಬಾಸ್ ಒಂದನ್ನೇ ಹಿಂಬಾಲಿಸಿ. ಮೂರನೇ ಸಲ ಡ್ರಮ್ಸ್‌ನ ತಾಳದ ತಟ್ಟೆ. ನನ್ನ ಹತ್ತಿರ ಪ್ಲೇಟು ಕಡಿಮೆ ಇರುವುದಕ್ಕೆ ಇದೂ ಕಾರಣ. ಒಂದೊಂದು ಪ್ಲೇಟು ಒಂದು ಮಳೆಗಾಲ ಹಿಡಿಯುತ್ತದೆ.

ಈಗ ಯಂತ್ರದ ವಿಷಯ. ಇಲ್ಲಿ ನಾನು ಸ್ವಲ್ಪ ಜಾಸ್ತಿ ಮಾತಾಡುತ್ತೇನೆ, ನನ್ನ ಕಸುಬು ಅಲ್ವಾ. ಅಮೆರಿಕಾದಲ್ಲಿರುವ ನೆಂಟರು ಹಳೇ ಟರ್ನ್‌ಟೇಬಲ್ ತಂದುಕೊಡುತ್ತಾರೆ. ಜನ 110 ವೋಲ್ಟ್ ಟ್ರಾನ್ಸ್‌ಫಾರ್ಮರ್ ಹಾಕಿ ಮುಗಿಯಿತು ಅಂದುಕೊಳ್ಳುತ್ತಾರೆ. ಟ್ರಾನ್ಸ್‌ಫಾರ್ಮರ್ ವೋಲ್ಟೇಜ್ ಇಳಿಸುತ್ತದೆ, ಫ್ರೀಕ್ವೆನ್ಸಿ ಮುಟ್ಟುವುದಿಲ್ಲ. ಅಲ್ಲಿ 60 ಹರ್ಟ್ಸ್, ಇಲ್ಲಿ 50. ಹಳೆಯ ಎಸಿ ಸಿಂಕ್ರೊನಸ್ ಮೋಟಾರ್ ಫ್ರೀಕ್ವೆನ್ಸಿಯ ಜೊತೆಗೇ ತಿರುಗುತ್ತದೆ. ನಿಮಿಷಕ್ಕೆ 33⅓ ಸುತ್ತಬೇಕಾದ ತಟ್ಟೆ ಇಲ್ಲಿ ಹತ್ತಿರ ಹತ್ತಿರ 27.8 ಸುತ್ತುತ್ತದೆ. ಶ್ರುತಿ ಮೂರು ಸ್ವರಸ್ಥಾನಕ್ಕೂ ಚೂರು ಹೆಚ್ಚೇ ಕೆಳಗಿಳಿಯುತ್ತದೆ. ಟ್ರಂಪೆಟ್ಟಿಗೆ ಶೀತ ಆಗಿರುತ್ತದೆ. ಇದಕ್ಕೆ ಮದ್ದು ಮೋಟಾರಿನ ಪುಲ್ಲಿ. ಬೆಲ್ಟ್ ಕೂರುವ ಜಾಗದ ಅಡ್ಡಳತೆ ಮೊದಲಿನ 1.2 ಪಟ್ಟು ಇರುವ ಹಾಗೆ ಲೇತ್‌ನಲ್ಲಿ ಹಿತ್ತಾಳೆ ಪುಲ್ಲಿ ಕಡೆಸಿ ಹಾಕಿ. ನನ್ನದಕ್ಕೂ ಹಾಗೇ ಮಾಡಿದ್ದೇನೆ. ಡಿಸಿ ಮೋಟಾರ್ ಇದ್ದರೆ ಈ ತಲೆನೋವಿಲ್ಲ.

ವೇಗ ಸರಿ ಇದೆಯಾ ಅಂತ ನೋಡಲು ಸುತ್ತಲೂ ಗೆರೆ ಹಾಕಿದ ಕಾಗದದ ಸ್ಟ್ರೋಬ್ ತಟ್ಟೆ ಸಾಕು. 50 ಹರ್ಟ್ಸ್‌ಗೆ 33⅓ ವೇಗಕ್ಕೆ 180 ಗೆರೆ ಇರುವುದು ಬೇಕು. 216 ಗೆರೆ ಇದ್ದರೆ ಅದು ಅಮೆರಿಕಾದ್ದು. ಹಳೇ ಚೋಕ್ ಇರುವ ಟ್ಯೂಬ್‌ಲೈಟ್ ಕೆಳಗೆ ತಿರುಗಿಸಿ. ಗೆರೆ ನಿಂತ ಹಾಗೆ ಕಂಡರೆ ವೇಗ ಸರಿ. ಎಲ್‌ಇಡಿ ಬಲ್ಬಿನಲ್ಲಿ ಸಾಮಾನ್ಯವಾಗಿ ಇದು ಕಾಣುವುದಿಲ್ಲ. ಅದಕ್ಕೇ ಅಂಗಡಿಯ ಒಂದು ಮೂಲೆಯ ಟ್ಯೂಬ್‌ಲೈಟ್ ಬದಲಿಸಲು ನಾನು ಬಿಟ್ಟಿಲ್ಲ.

ವೇಗದ ಎಡವಟ್ಟು ದೊಡ್ಡವರನ್ನೂ ಬಿಟ್ಟಿಲ್ಲ. ‘ಕೈಂಡ್ ಆಫ್ ಬ್ಲೂ’ ಮೊದಲ ದಿನ ರೆಕಾರ್ಡ್ ಆಗುವಾಗ ಟೇಪ್ ಯಂತ್ರ ಚೂರು ನಿಧಾನ ಓಡಿತ್ತು. ಹಾಗಾಗಿ ಮೊದಲ ಬದಿಯ ಮೂರೂ ಹಾಡು ಪ್ಲೇಟಿನಲ್ಲಿ ಸ್ವಲ್ಪ ಏರು ಶ್ರುತಿಯಲ್ಲಿ ಬಂದವು. ಅದು ಸರಿಯಾದದ್ದು 1992ರ ಮುದ್ರಣದಲ್ಲಿ, ಆವತ್ತೇ ಇನ್ನೊಂದು ಯಂತ್ರದಲ್ಲಿ ಓಡಿಸಿದ್ದ ಟೇಪಿನಿಂದ. ಅಲ್ಲಿಯ ತನಕ ಆ ಪ್ಲೇಟಿನ ಜೊತೆ ಕೂತು ನುಡಿಸಲು ಹೋದವರೆಲ್ಲ ತಮ್ಮ ವಾದ್ಯದ ಶ್ರುತಿಯನ್ನೇ ಬೈದುಕೊಂಡಿರಬೇಕು. ಮೂಲ ಮುದ್ರಣಕ್ಕೇ ಪ್ರಾಣ ಬಿಡುವವರಿಗೆ ನಾನು ಇದನ್ನು ಹೇಳುತ್ತಿರುತ್ತೇನೆ. ಹಳೆಯದು ಅಂದ ಮಾತ್ರಕ್ಕೆ ಸರಿಯಾದದ್ದು ಅಂತಲ್ಲ. ನನ್ನ ಹತ್ತಿರ ಇರುವುದು ಹೆಚ್ಚಿನವು ಮರುಮುದ್ರಣಗಳೇ. ಗೀರಿಲ್ಲದ ಮರುಮುದ್ರಣ, ಒಳ್ಳೆಯ ಸೂಜಿ, ಇಷ್ಟಿದ್ದರೆ ಸಾಕು. ಪೆಟ್ಟಿಗೆ ಥರದ ಅಗ್ಗದ ಪ್ಲೇಯರ್‌ಗಳು ಬೇಡ. ಅವುಗಳ ಸೂಜಿ ಐದಾರು ಗ್ರಾಂ ಭಾರ ಹಾಕಿ ಗೆರೆ ಉಜ್ಜುತ್ತದೆ. ಒಳ್ಳೆಯ ಕಾರ್ಟ್ರಿಡ್ಜ್‌ಗೆ (ಸೂಜಿ ಕೂರುವ ಭಾಗ) ಎರಡು ಗ್ರಾಂ ಆಸುಪಾಸು ಸಾಕು.

ನಿಮಿಷಕ್ಕೆ 78 ಸುತ್ತುವ ಹಳೇ ಪ್ಲೇಟುಗಳ ಲೋಕವೇ ಬೇರೆ. ಅವು ಅರಗಿನವು. ಆ ಅರಗು ಬಹುಪಾಲು ನಮ್ಮ ದೇಶದ ಕಾಡುಗಳಿಂದಲೇ ಹಡಗು ಹತ್ತುತ್ತಿತ್ತು. ಗೆರೆ ಅಗಲ. ಎಲ್‌ಪಿ ಸೂಜಿ ಹಾಕಿದರೆ ಅದು ತಳದ ಕೊಳೆಯಲ್ಲಿ ಓಡಾಡಿ ಬರೀ ಗರಗರ ಸದ್ದು. ಸುಮಾರು 75 ಮೈಕ್ರಾನ್ ತುದಿಯ ಸೂಜಿ ಬೇಕು. ಎಲ್‌ಪಿಗೆ 18ರಿಂದ 25 ಸಾಕು. ತೊಳೆಯುವಾಗ ಸ್ಪಿರಿಟ್ ಹತ್ತಿರಕ್ಕೂ ತರಬೇಡಿ, ಅರಗು ಕರಗಿ ಹೋಗುತ್ತದೆ. ನಮ್ಮ ಕೊಳವೆಬಾವಿ ನೀರೂ ಬೇಡ. ಒಣಗಿದ ಮೇಲೆ ಗೆರೆಯೊಳಗೆ ಬಿಳೀ ಉಪ್ಪು ಉಳಿಯುತ್ತದೆ. ನಾನು ಬ್ಯಾಟರಿ ಅಂಗಡಿಯ ಡಿಸ್ಟಿಲ್ಡ್ ವಾಟರ್ ತರುತ್ತೇನೆ, ಒಂದು ಹನಿ ಪಾತ್ರೆ ಸೋಪು, ಮೆತ್ತನೆ ಬ್ರಶ್ಶು. ಲೇಬಲ್ ನೆನೆಯದಂತೆ ನೋಡಿಕೊಳ್ಳಬೇಕು. ನಮ್ಮ ಕಡೆ ಬೂಷ್ಟಿಗಿಂತ ದೂಳಿನ ಕಾಟ ಜಾಸ್ತಿ. ಶೀಟ್ ಮನೆಯಾದರೆ ಏಪ್ರಿಲ್ ಬಿಸಿಗೆ ಎಲ್‌ಪಿ ಬಾಗುತ್ತದೆ. ನಿಲ್ಲಿಸಿ ಇಡಿ, ಕೆಳಗಿನ ಅರೆಯಲ್ಲಿ.

78ಕ್ಕೆ ಹಿಂಬದಿಯ ಬರಹ ಇರುವುದಿಲ್ಲ. ಲೇಬಲ್ ಮೇಲೆ ತಂಡದ ಯಜಮಾನರ ಹೆಸರಷ್ಟೇ. ಹಾಗಾಗಿ ಲೇಬಲ್ ಪಕ್ಕ ಕೊರೆದಿರುವ ಮ್ಯಾಟ್ರಿಕ್ಸ್ ನಂಬರ್ (ರೆಕಾರ್ಡಿಂಗಿನ ಗುರುತು ಸಂಖ್ಯೆ) ಬರೆದುಕೊಂಡು ಡಿಸ್ಕಾಗ್ರಫಿಯಲ್ಲಿ, ಅಂದರೆ ರೆಕಾರ್ಡುಗಳ ವಿವರ ಪಟ್ಟಿಯಲ್ಲಿ, ಹುಡುಕುತ್ತೇನೆ. ಲೂಯಿ ಆರ್ಮ್‌ಸ್ಟ್ರಾಂಗ್‌ರ ‘ವೆಸ್ಟ್ ಎಂಡ್ ಬ್ಲೂಸ್’ನಲ್ಲಿ ಪಿಯಾನೋ ಅರ್ಲ್ ಹೈನ್ಸ್ ಅವರದು ಅನ್ನುವುದು, ಅದು 1928ರ ಜೂನ್ 28ರಂದು ಶಿಕಾಗೋದಲ್ಲಿ ಆದದ್ದು ಅನ್ನುವುದು ಹಾಗೇ ಗೊತ್ತಾಗುವುದು. ಕಲ್ಕತ್ತಾದಲ್ಲಿ ರೆಕಾರ್ಡ್ ಮಾಡಿದ ಟೆಡ್ಡಿ ವೆದರ್‌ಫೋರ್ಡ್ ಅವರ ಪ್ಲೇಟಿಗಾಗಿ ಗುಜರಿಯವರಿಗೆಲ್ಲ ಹೇಳಿಟ್ಟಿದ್ದೇನೆ. ಶಿಕಾಗೋದಲ್ಲಿ ಹೆಸರು ಮಾಡಿ, ಬೊಂಬಾಯಿಯ ತಾಜ್, ಕಲ್ಕತ್ತಾದ ಗ್ರ್ಯಾಂಡ್ ಹೋಟೆಲಿನಲ್ಲಿ ನುಡಿಸಿ, 1945ರಲ್ಲಿ ಕಲ್ಕತ್ತಾದಲ್ಲೇ ಕಾಲರಾಗೆ ಬಲಿಯಾದ ಪಿಯಾನೋ ವಾದಕ. ಗುಜರಿಯವನು ‘ಅಣ್ಣ, ಜಿಮ್ ರೀವ್ಸ್ ಇದೆ, ತಗೊಂಡ್ಹೋಗು’ ಅನ್ನುತ್ತಾನೆ.

ಎದುರು ಕೂತು ಕೇಳಬೇಕಾದರೆ ಬೆಂಗಳೂರಿಗೇ ಹೋಗಬೇಕು. ವೈಟ್‌ಫೀಲ್ಡ್ ನಮ್ಮ ರೈಲು ದಾರಿಯಲ್ಲೇ ಇರುವುದು ಅನುಕೂಲ. ಕಾರ್ಯಕ್ರಮ ಮುಗಿಯುವುದು ತಡ, ವಾಪಸ್ ರೈಲು ಇರುವುದಿಲ್ಲ, ಹೂಡಿಯಲ್ಲಿ ಭಾವಮೈದನ ಮನೆಯಲ್ಲಿ ಮಲಗುತ್ತೇನೆ. ಕೂರುವುದು ಯಾವಾಗಲೂ ಬಾಸ್ ನುಡಿಸುವವರ ಎಡಗೈ ಕಾಣುವ ಕಡೆ. ರೆಕಾರ್ಡಿನಲ್ಲಿ ಕಿವಿಗೆ ಬೀಳದ ಎಷ್ಟೋ ವಿಷಯ ಅಲ್ಲಿ ಕಣ್ಣಿಗೆ ಸಿಗುತ್ತದೆ. ಯಾರು ಯಾರನ್ನು ನೋಡಿ ತಲೆ ಆಡಿಸಿದರು, ಡ್ರಮ್ಮರ್ ಕಡ್ಡಿ ಇಟ್ಟು ಬ್ರಶ್ ಯಾವಾಗ ಎತ್ತಿಕೊಂಡರು. ನನಗೆ ಬೇಜಾರಾಗುವುದು ಒಂದೇ. ಬಾಸ್ ಸೋಲೋ ಶುರುವಾದ ಕೂಡಲೇ ಜನಕ್ಕೆ ಊಟ ಆರ್ಡರ್ ಮಾಡುವ ನೆನಪಾಗುತ್ತದೆ. ನಮ್ಮಲ್ಲಿ ತನಿ ಆವರ್ತನಕ್ಕೆ ಕ್ಯಾಂಟೀನಿಗೆ ಏಳುವವರ ತಮ್ಮಂದಿರು ಇವರು.

ಹೆಸರು ಓದುವ ಚಾಳಿ ನನ್ನನ್ನು ವಿಚಿತ್ರವಾದ ಕಡೆಗೂ ಕರೆದುಕೊಂಡು ಹೋಯಿತು. ಚಾರ್ಲ್ಸ್ ಮಿಂಗಸ್ ಬಾಸ್ ವಾದಕರೇ. ಅವರ ‘ದ ಬ್ಲ್ಯಾಕ್ ಸೇಂಟ್ ಅಂಡ್ ದ ಸಿನ್ನರ್ ಲೇಡಿ’ 1963ರದ್ದು. ಅದರಲ್ಲಿ ಅಳುವ ಹಾಗೆ, ಕೂಗುವ ಹಾಗೆ ಒಂದು ಆಲ್ಟೋ ಸ್ಯಾಕ್ಸಫೋನ್ ಇದೆ. ಹಿಂದೆ ತಿರುಗಿಸಿ ನೋಡಿದರೆ ಚಾರ್ಲಿ ಮರಿಯಾನೋ, ಬಾಸ್ಟನ್‌ನವರು. ಇವರು ಇನ್ನೆಲ್ಲಿ ನುಡಿಸಿದ್ದಾರೆ ಅಂತ ಹುಡುಕುತ್ತಾ ಹೋದೆ. ಭಾರತಕ್ಕೆ ಬಂದು ನಾಗಸ್ವರ ಕಲಿತಿದ್ದಾರೆ. ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ಜೊತೆ 1983ರಲ್ಲಿ ‘ಜ್ಯೋತಿ’ ಅನ್ನುವ ರೆಕಾರ್ಡು ಮಾಡಿದ್ದಾರೆ, ಜರ್ಮನಿಯ ಇಸಿಎಂ ಕಂಪನಿಗೆ. ಮೃದಂಗ ಟಿ.ಎ.ಎಸ್. ಮಣಿ. ಹಾಡಿದವರು ಆರ್.ಎ. ರಮಾಮಣಿ. ಮಿಂಗಸ್ ಬೆನ್ನು ಹತ್ತಿ ಹೋದವನು ಬೆಂಗಳೂರಿಗೇ ಬಂದು ಇಳಿದಿದ್ದೆ. ಅದರಲ್ಲಿ ಮರಿಯಾನೋ ಗಾಯನದ ಮೇಲೆ ಹೋಗುವುದಿಲ್ಲ. ಒಂದು ಸಾಲು ಹಾಡಲು ಬಿಟ್ಟು, ಅದರ ನೆರಳಲ್ಲಿ ಬರುತ್ತಾರೆ. ಇಪ್ಪತ್ತು ವರ್ಷ ಹಿಂದೆ ಮಿಂಗಸ್ ತಂಡದಲ್ಲಿ ಕಿರುಚಿದವರು ಇವರೇನಾ ಅನ್ನಿಸುತ್ತದೆ.

ಮುಳಬಾಗಿಲು ಕಡೆ ಮದುವೆಗಳಿಗೆ ಸ್ಯಾಕ್ಸಫೋನ್ ನುಡಿಸುವವರೊಬ್ಬರು ಆಂಪ್ಲಿಫೈಯರ್ ರಿಪೇರಿಗೆ ಬರುತ್ತಿರುತ್ತಾರೆ. ಅವರಿಗೆ ‘ಜ್ಯೋತಿ’ ಹಾಕಿದೆ. ಆಮೇಲೆ ಕದ್ರಿ ಗೋಪಾಲನಾಥ್ ಮತ್ತು ಅಮೆರಿಕಾದ ಜಾಝ್ ಸ್ಯಾಕ್ಸಫೋನ್ ವಾದಕ ರುದ್ರೇಶ್ ಮಹಂತಪ್ಪ ಜೊತೆಯಾಗಿ ನುಡಿಸಿದ, 2008ರಲ್ಲಿ ಬಂದ ‘ಕಿನ್ಸ್‌ಮೆನ್’ ಹಾಕಿದೆ. ಕದ್ರಿಯವರು ಬಂದ ಕೂಡಲೇ ಮುಖ ಅರಳಿತು. ‘ಮೇಷ್ಟ್ರ ಗಮಕ ನೋಡಿ ಸ್ವಾಮಿ. ಆ ಮರಿಯಾನೋ ಅವರಿಗೆ ಉಸಿರು ಚೆನ್ನಾಗಿದೆ, ಗಮಕ ಸಾಲದು’ ಅಂದರು. ನಾನು ಒಪ್ಪಲಿಲ್ಲ. ಮರಿಯಾನೋ ಗಮಕಕ್ಕೆ ಹೋಗಲೇ ಇಲ್ಲ, ಅವರು ಹುಡುಕುತ್ತಿದ್ದದ್ದು ಬೇರೆ ಅಂದೆ. ಅವರೂ ಒಪ್ಪಲಿಲ್ಲ. ಆಂಪ್ಲಿಫೈಯರ್ ಸರಿ ಆಗುವ ತನಕ ವಾದ ನಡೆಯಿತು. ಹೋಗುವಾಗ ಎರಡನ್ನೂ ಪೆನ್‌ಡ್ರೈವ್‌ಗೆ ಹಾಕಿಸಿಕೊಂಡರು, ಜೊತೆಗೆ ಆರ್ಟ್ ಪೆಪ್ಪರ್ ಒಂದು ನಾನೇ ಸೇರಿಸಿ ಕೊಟ್ಟೆ.