ಯಾರ ಮನೆಯ ಬೆಕ್ಕೋ, ನಮ್ಮ ಬಾಗಿಲಿಗೆ ಬಂದಾಗ

ಮಂಗಳೂರಿನ ಹಳೆಯ ಓಣಿಗಳ ಬೆಕ್ಕು ಒಬ್ಬರ ಜಗಲಿಯಲ್ಲಿ ಮಲಗುತ್ತದೆ, ಇನ್ನೊಬ್ಬರ ಅಡುಗೆಮನೆಯಲ್ಲಿ ಉಣ್ಣುತ್ತದೆ, ಮತ್ತೊಬ್ಬರ ಹಂಚಿನ ಮಾಡಿನ ಮೇಲೆ ಬಿಸಿಲಿಗೆ ಮೈಯೊಡ್ಡುತ್ತದೆ. ಅಂಥ ಊರಿನಲ್ಲಿ ಬಡಕಲು ಬೆಕ್ಕೊಂದು ಹಿಂಬಾಗಿಲಿಗೆ ಬಂದು ಕುಳಿತರೆ ಅದು ದಿಕ್ಕಿಲ್ಲದ್ದೋ, ಸಾಕಿದವರು ಇದ್ದಾರೋ ಎಂದು ನೋಡಿದೊಡನೆ ಹೇಳಲಾಗದು. ಬಿಜೈ ಕಡೆಯ ನಮ್ಮ ಮನೆಗೆ ವರ್ಷಗಳಿಂದ ಇಂಥ ಬೆಕ್ಕುಗಳು ಬರುತ್ತಿವೆ. ನಾನು ಪಶುವೈದ್ಯೆಯಲ್ಲ. ಆದರೆ ಒಂದು ಕ್ರಮವನ್ನು ಬಿಡದೆ ಪಾಲಿಸುತ್ತೇನೆ: ನೋವಿಗೆ ಕೂಡಲೇ ಚಿಕಿತ್ಸೆ ಕೊಡಿಸುತ್ತೇನೆ; ಹಿಂದಿರುಗಿಸಲಾಗದ ಯಾವ ಕೆಲಸವನ್ನೂ ಸಾಕಿದವರನ್ನು ಹುಡುಕದೆ ಮಾಡುವುದಿಲ್ಲ.

ಹೆಚ್ಚಿನವು ಬರುವುದು ಮಳೆಗಾಲದಲ್ಲಿ. ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ನಾಡದೋಣಿಯವರು ತಂದ ಬೂತಾಯಿ, ಬಂಗುಡೆಗೆ ಚಿನ್ನದ ಬೆಲೆ. ಮನೆಗಳಲ್ಲಿ ಮೀನು ಕತ್ತರಿಸುವುದೇ ಕಡಿಮೆಯಾದಾಗ ಮೀನಿನ ತಲೆ, ಕರುಳು ನಂಬಿ ಬದುಕುವ ಬೆಕ್ಕುಗಳಿಗೆ ಹೊಟ್ಟೆಗಿಲ್ಲ. ಅಂಥ ಒಂದು ಜುಲೈಯಲ್ಲಿ ಬಂದ ಕೆಂಚು ಗಂಡುಬೆಕ್ಕಿನ ಕತೆಯನ್ನೇ ಹೇಳುತ್ತೇನೆ, ಏಕೆಂದರೆ ನಾನು ಅನುಸರಿಸುವ ಎಲ್ಲ ಹೆಜ್ಜೆಗಳೂ ಅದರಲ್ಲಿ ಬಂದುಹೋದವು.

ಅಗಲವಾದ ಕೆನ್ನೆ, ಅದರ ಹಿಂದೆ ಎಲುಬು ಎಣಿಸಬಹುದಾದ ಮೈ. ಎರಡೂ ಕಿವಿಗಳ ಅಂಚಿನಲ್ಲಿ ಬೂದಿ ಬಣ್ಣದ ದಪ್ಪ ಹಕ್ಕಳೆ. ಅದು ಹಣೆಗೆ ಇಳಿದು, ಕಣ್ಣಿನ ಮೇಲಿನ ಚರ್ಮ ದಪ್ಪಗಾಗಿ, ಕಣ್ಣು ಅರ್ಧವಷ್ಟೇ ತೆರೆಯುತ್ತಿತ್ತು. ಹಿಂಗಾಲಿನಿಂದ ಕೆರೆದುಕೊಂಡಾಗಲೆಲ್ಲ ಹಕ್ಕಳೆ ಎದ್ದು ರಕ್ತ ಒಸರುತ್ತಿತ್ತು. ಇದು ಕಣ್ಣಿಗೆ ಕಾಣದಷ್ಟು ಸಣ್ಣ ನುಸಿಯೊಂದು ಚರ್ಮದೊಳಗೆ ಬಿಲ ಕೊರೆದು ಹಬ್ಬಿಸುವ ಕಜ್ಜಿ. ಬೆಕ್ಕಿನಿಂದ ಬೆಕ್ಕಿಗೆ ಬಹಳ ಬೇಗ ಅಂಟುತ್ತದೆ, ಎತ್ತಿಕೊಂಡವರ ಕೈಯಲ್ಲೂ ಕೆಲವು ದಿನ ತುರಿಕೆ ಎಬ್ಬಿಸಬಹುದು. ಆದ್ದರಿಂದ ಮನೆಯ ಬೆಕ್ಕನ್ನು ಒಳಗಿನ ಕೋಣೆಗೆ ಹಾಕಿ, ಬಂದವನಿಗೆ ಹಿಂಬದಿಯ ಚಾವಡಿಯಲ್ಲಿ ಬೇರೆ ತಟ್ಟೆ, ಬೇರೆ ಗೋಣಿ ಇಟ್ಟೆ.

ಊಟ ಹಾಕುತ್ತಲೇ ಗಮನಿಸುತ್ತಾ ಹೋದೆ. ಕುತ್ತಿಗೆಯ ರೋಮ ಬಳೆಯಂತೆ ಸವೆದಿದ್ದರೆ ಹಿಂದೊಮ್ಮೆ ಪಟ್ಟಿ ಕಟ್ಟಿದ್ದರು ಎಂದು ತಿಳಿಯಬಹುದು, ಇವನಿಗೆ ಅದಿರಲಿಲ್ಲ. ಎಡಗಿವಿಯ ತುದಿಯನ್ನು ನೇರವಾಗಿ ಕತ್ತರಿಸಿದ್ದರೆ, ಅದು ಸಾಮಾನ್ಯವಾಗಿ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿ ಮತ್ತೆ ಬಿಟ್ಟ ಬೀದಿಬೆಕ್ಕು, ಅದೂ ಇರಲಿಲ್ಲ. ಆದರೆ ಫ್ರಿಜ್ಜಿನ ಬಾಗಿಲು ತೆರೆದ ಸದ್ದಿಗೆ ತಲೆ ಎತ್ತಿದ. ಮೀನಿನ ಚೂರು ಬೆರೆಸಿದ ಕುಚಲಕ್ಕಿ ಗಂಜಿಯನ್ನು ಹಾಕಿದಾಗ ಗಂಜಿಯನ್ನೂ ಬಿಡದೆ ನೆಕ್ಕಿದ. ಬೀದಿಯ ಬೆಕ್ಕು ಮೀನನ್ನು ಎಳೆದುಕೊಂಡು ಓಡುತ್ತದೆ. ಗಂಜಿಯ ರುಚಿ ಗೊತ್ತಿರುವ ಬೆಕ್ಕಿಗೆ ಯಾವುದೋ ಮನೆಯ ಋಣವಿದೆ ಎಂದು ನನಗೆ ಅಂದೇ ಖಾತ್ರಿಯಾಯಿತು.

ಸಾಕಿದವರನ್ನು ಹುಡುಕಲು ನಾನು ಕಾಗದದ ಪಟ್ಟಿ ಕಟ್ಟುತ್ತೇನೆ. ನೋಟ್‌ಬುಕ್ಕಿನ ಹಾಳೆಯಿಂದ ಎರಡು ಬೆರಳಗಲದ ಪಟ್ಟಿ ಕತ್ತರಿಸಿ, ಬಾಲ್‌ಪೆನ್ನಿನಲ್ಲಿ ದಪ್ಪ ಅಕ್ಷರದಲ್ಲಿ ಬರೆಯುತ್ತೇನೆ. ಜೆಲ್ ಪೆನ್ನಿನ ಶಾಯಿ ಮಳೆಯ ಮೊದಲ ಹನಿಗೇ ಹರಡುತ್ತದೆ. ಬರೆದ ಭಾಗದ ಮೇಲೆ ಮಾತ್ರ ಸೆಲ್ಲೋಟೇಪು ಅಂಟಿಸಿ, ಎರಡು ತುದಿ ಸೇರುವಲ್ಲಿ ಬರಿಯ ಕಾಗದಕ್ಕೆ ಚೂರೇ ಚೂರು ಅಂಟು ಹಚ್ಚುತ್ತೇನೆ. ಬೇಲಿಗೋ ಕೊಂಬೆಗೋ ಸಿಕ್ಕಿದರೆ ಅದು ತಕ್ಷಣ ಹರಿದುಹೋಗಬೇಕು. ದಾರ, ರಬ್ಬರ್‌ಬ್ಯಾಂಡುಗಳನ್ನು ಎಂದೂ ಕಟ್ಟಬಾರದು, ಅವು ಬೆಕ್ಕಿನ ಕುತ್ತಿಗೆಗೆ ಉರುಳಾಗುತ್ತವೆ. ಕುತ್ತಿಗೆ ಮತ್ತು ಪಟ್ಟಿಯ ನಡುವೆ ಎರಡು ಬೆರಳು ಸಲೀಸಾಗಿ ತೂರಬೇಕು. ಅದರಲ್ಲಿ ಬರೆದದ್ದು ಇಷ್ಟೇ: ‘ಈ ಬೆಕ್ಕು ನಿಮ್ಮದೇ? ಕಿವಿಯಲ್ಲಿ ಕಜ್ಜಿ ಇದೆ. ದಯವಿಟ್ಟು ಕರೆ ಮಾಡಿ.’ ಕೆಳಗೆ ನನ್ನ ಮೊಬೈಲ್ ಸಂಖ್ಯೆ.

ಮಾರನೆಯ ದಿನ ಅವನು ಪಟ್ಟಿಯಿಲ್ಲದೆ ಬಂದ. ಕರೆಯೂ ಬರಲಿಲ್ಲ. ಕಜ್ಜಿ ಮಾತ್ರ ಕಾಯುವ ಸ್ಥಿತಿಯಲ್ಲಿ ಇರಲಿಲ್ಲ.

ಅಷ್ಟರಲ್ಲಿ ಸುತ್ತಲಿನವರ ಸಲಹೆಗಳು ಬಂದವು: ಕರ್ಪೂರ ಹಾಕಿದ ಎಣ್ಣೆ ಹಚ್ಚಿ, ಸೀಮೆಎಣ್ಣೆ ಸವರಿ, ಫಿನೈಲ್ ನೀರಿನಲ್ಲಿ ತೊಳೆಯಿರಿ. ಎಲ್ಲರೂ ಒಳ್ಳೆಯ ಮನಸ್ಸಿನಿಂದಲೇ ಹೇಳಿದರು, ಆದರೆ ಇವುಗಳಲ್ಲಿ ಒಂದನ್ನೂ ಬೆಕ್ಕಿಗೆ ಮುಟ್ಟಿಸಬಾರದು. ಬೆಕ್ಕು ಮೈಗೆ ಹಚ್ಚಿದ್ದನ್ನೆಲ್ಲ ನೆಕ್ಕುತ್ತದೆ, ಅದರ ಯಕೃತ್ತಿಗೆ ಇಂಥ ವಸ್ತುಗಳನ್ನು ಕರಗಿಸಿ ಹೊರಹಾಕುವ ಶಕ್ತಿ ತೀರ ಕಡಿಮೆ. ಇದೇ ಕಾರಣಕ್ಕೆ ಪ್ಯಾರಾಸಿಟಮಾಲಿನ ಒಂದೇ ಮಾತ್ರೆ ಬೆಕ್ಕಿನ ಜೀವ ತೆಗೆಯಬಲ್ಲದು. ನಾಯಿಗೆಂದು ತಂದ ಉಣ್ಣಿ, ಚಿಗಟದ ಔಷಧದಲ್ಲಿ ಪರ್ಮೆಥ್ರಿನ್ ಇದ್ದರೆ ಅದೂ ವಿಷವೇ. ದೊಡ್ಡ ಬೆಕ್ಕಿಗೆ ಹಾಲು ಹಾಕುವುದನ್ನೂ ನಾನು ನಿಲ್ಲಿಸಿದ್ದೇನೆ, ಬಹಳಷ್ಟಕ್ಕೆ ಅದರಿಂದ ಭೇದಿಯಾಗುತ್ತದೆ. ಮೊದಲೇ ಸೊರಗಿದ ಜೀವಕ್ಕೆ ಅದು ಇನ್ನೊಂದು ಪೆಟ್ಟು.

ಹಿಡಿಯಲು ಮುಚ್ಚಳವಿರುವ ಪ್ಲಾಸ್ಟಿಕ್ ಬುಟ್ಟಿಯನ್ನೇ ಬಳಸುತ್ತೇನೆ. ಮೊದಲು ಬುಟ್ಟಿಯ ಪಕ್ಕದಲ್ಲಿ ತಟ್ಟೆ, ಆಮೇಲೆ ಅದರ ಬಾಯಿಯಲ್ಲಿ, ಕೊನೆಗೆ ಒಳಗೆ. ಅವನು ತಾನಾಗಿ ಒಳಗೆ ಕುಳಿತು ಉಣ್ಣುವವರೆಗೆ ಮುಚ್ಚಳ ಮುಟ್ಟಲಿಲ್ಲ. ರಿಕ್ಷಾದಲ್ಲಿ ಬುಟ್ಟಿಯ ಮೇಲೆ ಹಳೆಯ ಬೈರಾಸು ಹೊದಿಸಿದರೆ ಕತ್ತಲೆಯಲ್ಲಿ ಬೆಕ್ಕು ಸುಮ್ಮನಾಗುತ್ತದೆ. ಗುರುತಿಲ್ಲದ ಬೆಕ್ಕು ಕಚ್ಚಿದರೆ ಅಥವಾ ಪರಚಿದರೆ ಹರಿಯುವ ನೀರಿನಲ್ಲಿ ಸಾಬೂನು ಹಾಕಿ 15 ನಿಮಿಷ ತೊಳೆದು, ಅದೇ ದಿನ ಆಸ್ಪತ್ರೆಗೆ ಹೋಗಿ ರೇಬೀಸ್ ಲಸಿಕೆ ಕೇಳಬೇಕು. ಇದರಲ್ಲಿ ಉದಾಸೀನ ಸಲ್ಲದು, ಗಾಯ ಎಷ್ಟೇ ಸಣ್ಣದಿರಲಿ.

ವೈದ್ಯರು ಕೇಳಿದ ಮೊದಲ ಪ್ರಶ್ನೆಯೇ ‘ಬೆಕ್ಕು ನಿಮ್ಮದೇ?’ ಎಂದು. ನಾನು ಇದ್ದದ್ದನ್ನು ಇದ್ದಂತೆ ಹೇಳಿದೆ. ಕಜ್ಜಿಗೆ ತೂಕ ನೋಡಿ ಚುಚ್ಚುಮದ್ದು ಕೊಟ್ಟರು. ಆ ಮದ್ದು ನುಸಿಯ ಮೊಟ್ಟೆಗಳನ್ನು ಕೊಲ್ಲುವುದಿಲ್ಲವಾದ್ದರಿಂದ, ಎರಡು ವಾರ ಬಿಟ್ಟು ಮತ್ತೆ ಕರೆತರಲು ಹೇಳಿದರು. ಬೀಜ ತೆಗೆಯುವ ಶಸ್ತ್ರಚಿಕಿತ್ಸೆಯ ಮಾತು ಬಂದಾಗ ಇಬ್ಬರೂ ಒಂದೇ ಅಭಿಪ್ರಾಯಕ್ಕೆ ಬಂದೆವು: ಸಾಕಿದವರು ಸಿಗಲಿ, ಆಮೇಲೆ.

ಸಾಕಿದವರನ್ನು ತೋರಿಸಿಕೊಟ್ಟದ್ದು ಮೀನು ಮಾರುವಾಕೆ. ಆ ತಿಂಗಳುಗಳಲ್ಲಿ ಅವಳು ಬುಟ್ಟಿಯಲ್ಲಿ ಒಣಮೀನು ಹೊತ್ತು ಬರುತ್ತಾಳೆ. ಯಾವ ಮನೆಯಲ್ಲಿ ಯಾವ ಬೆಕ್ಕು ಗೇಟಿಗೆ ಓಡಿಬರುತ್ತದೆ ಎಂದು ಅವಳಷ್ಟು ಬಲ್ಲವರು ಓಣಿಯಲ್ಲಿ ಬೇರೆ ಯಾರೂ ಇಲ್ಲ. ಚಾವಡಿಯಲ್ಲಿ ಮಲಗಿದ್ದವನನ್ನು ನೋಡಿ, “ಅಕ್ಕಾ, ಇದು ಕೆಳಗಿನ ತಿರುವಿನ ಬಾಯಮ್ಮನ ಬೆಕ್ಕಲ್ಲವೇ? ಅವರಿಗೆ ಗಂಟುನೋವು ಜೋರುಂಟು, ಈಗ ಗೇಟಿನವರೆಗೂ ಬರುವುದಿಲ್ಲ” ಎಂದಳು.

ಸಂಜೆ ಹೋದೆ. ಮಗ ಕೊಲ್ಲಿಯಲ್ಲಿ, ಮನೆಯಲ್ಲಿ ಬಾಯಮ್ಮ ಒಬ್ಬರೇ. ಮೇಜಿನ ಮೇಲೆ, ಕನ್ನಡಕದ ಪೆಟ್ಟಿಗೆಯ ಅಡಿಯಲ್ಲಿ, ನಾನು ಬರೆದ ಪಟ್ಟಿ ಹಾಗೆಯೇ ಇತ್ತು. ಕರೆ ಏಕೆ ಮಾಡಲಿಲ್ಲ ಎಂದು ನಾನು ಕೇಳಲಿಲ್ಲ, ಅವರೇ ಹೇಳಿದರು: “ಯಾರೋ ಬೈಯಲಿಕ್ಕೆ ನಂಬರ್ ಕೊಟ್ಟಿದ್ದಾರೆ ಎಂದು ಹೆದರಿದೆ. ಜಾನಿಯನ್ನು ಡಾಕ್ಟರ ಹತ್ತಿರ ಕೊಂಡುಹೋಗಲು ನನಗೆ ಬಗ್ಗಲಿಕ್ಕೇ ಆಗುವುದಿಲ್ಲ, ಹಿಡಿಯುವುದು ಹೇಗೆ?”

ದೂರದಿಂದ ಉಪೇಕ್ಷೆಯಂತೆ ಕಂಡದ್ದು ಹತ್ತಿರ ಹೋದಾಗ ಹೀಗಿತ್ತು. ಅಂದಿನಿಂದ ಪಟ್ಟಿಯಲ್ಲಿ ‘ಔಷಧಕ್ಕೆ ನಾನೂ ಸಹಾಯ ಮಾಡುತ್ತೇನೆ’ ಎಂಬ ಸಾಲನ್ನು ತಪ್ಪದೆ ಸೇರಿಸುತ್ತೇನೆ. ಜಾನಿ ಬಾಯಮ್ಮನವನಾಗಿಯೇ ಉಳಿದ. ಬೆಳಗಿನ ಗಂಜಿ ಅವರದು. ವೈದ್ಯರಲ್ಲಿಗೆ ಒಯ್ಯುವುದು, ಬಾಯಮ್ಮ ಮಲಗುವ ಹಾಸಿನ ಮೇಲೆ ಅವನು ಬಿದ್ದುಕೊಳ್ಳುತ್ತಿದ್ದ ಬಟ್ಟೆಗಳನ್ನು ಬಿಸಿನೀರಿನಲ್ಲಿ ತೊಳೆಯುವುದು ನನ್ನದು. ಎರಡನೆಯ ಚುಚ್ಚುಮದ್ದಿನ ಹೊತ್ತಿಗೆ ಹಕ್ಕಳೆಗಳು ಉದುರಿ, ಕಿವಿಯ ಮೇಲೆ ತೆಳ್ಳಗೆ ಹೊಸ ರೋಮ ಮೂಡಿತ್ತು, ಕಣ್ಣು ಪೂರ್ತಿ ತೆರೆದಿತ್ತು. ಶಸ್ತ್ರಚಿಕಿತ್ಸೆಗೆ ಅವರು ಮಗನನ್ನು ಕೇಳಿ ಒಪ್ಪಿದರು, ಮಗ ಖರ್ಚಿನ ಹಣ ಕಳುಹಿಸಿದ. ಜಗಳದ ಗಾಯಗಳೂ ಆಮೇಲೆ ಕಡಿಮೆಯಾದವು.

ಎಲ್ಲ ಕಡೆಯೂ ಹೀಗೆ ಆಗುವುದಿಲ್ಲ. ಕದ್ರಿ ಕಡೆಯ ವಸತಿ ಸಮುಚ್ಚಯವೊಂದರಲ್ಲಿ ಬಾಡಿಗೆಯವರು ಮನೆ ಖಾಲಿ ಮಾಡುವಾಗ ಬೂದುಬಣ್ಣದ ಹೆಣ್ಣುಬೆಕ್ಕನ್ನು ಮೆಟ್ಟಿಲಲ್ಲೇ ಬಿಟ್ಟು ಹೋಗಿದ್ದರು. ಮುಚ್ಚಿದ ಬಾಗಿಲ ಮುಂದಿನಿಂದ ಅದು ಏಳುತ್ತಿರಲಿಲ್ಲ, ಇಟ್ಟದ್ದನ್ನು ಮೂಸಿಯೂ ನೋಡುತ್ತಿರಲಿಲ್ಲ. ಬೆಕ್ಕು ಕೆಲವು ದಿನ ಉಪವಾಸ ಬಿದ್ದರೆ ಯಕೃತ್ತಿನಲ್ಲಿ ಕೊಬ್ಬು ತುಂಬಿ ಪ್ರಾಣಕ್ಕೇ ಬರುತ್ತದೆ, ಆದ್ದರಿಂದ ಅಲ್ಲಿ ಕಾಗದದ ಪಟ್ಟಿ ಕಟ್ಟುತ್ತಾ ಕೂರಲಿಲ್ಲ. ಮೊದಲು ಚಿಕಿತ್ಸೆಗೆ ಒಯ್ದು, ಕಾವಲುಗಾರನಿಂದ ಆ ಮನೆಯವರ ಸಂಖ್ಯೆ ಪಡೆದೆ. ಸಾಕುಪ್ರಾಣಿಯನ್ನು ಹಸಿವಿಗೆ ಬಿಟ್ಟು ಹೋಗುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ ಅಪರಾಧ. ನನಗೆ ಸಿಟ್ಟು ಬಂದಿತ್ತು, ಆದರೂ ಕಾಯ್ದೆಯ ಮಾತೆತ್ತಲಿಲ್ಲ, ಏಕೆಂದರೆ ಹೆದರಿದವರು ಫೋನ್ ಇಡುತ್ತಾರೆ, ಬೆಕ್ಕು ಅತಂತ್ರವಾಗಿಯೇ ಉಳಿಯುತ್ತದೆ. ‘ನೀವು ಒಯ್ಯುತ್ತೀರಾ, ಇಲ್ಲವಾದರೆ ಬೇರೆಯವರಿಗೆ ಕೊಡಬಹುದೇ?’ ಎಂದಷ್ಟೇ ಕೇಳಿದೆ. ಕೊಡಿ ಎಂದರು. ಅದನ್ನು ವಾಟ್ಸ್ಯಾಪಿನಲ್ಲಿ ಬರೆದು ಕಳುಹಿಸಲು ವಿನಂತಿಸಿದೆ, ಕಳುಹಿಸಿದರು. ಆ ಸಂದೇಶವನ್ನು ತೋರಿಸಿದ ಮೇಲೆಯೇ ವೈದ್ಯರು ಶಸ್ತ್ರಚಿಕಿತ್ಸೆಗೆ ದಿನ ಕೊಟ್ಟರು. ಈಗ ಆ ಬೆಕ್ಕನ್ನು ಸಾಕುತ್ತಿರುವ ಕುಲಶೇಖರದ ಮನೆಯವರಿಗೂ, ಲಸಿಕೆಯ ಚೀಟಿಯ ಜೊತೆಗೆ, ಆ ಸಂದೇಶದ ಒಂದು ಪ್ರತಿಯನ್ನು ಕೊಟ್ಟಿದ್ದೇನೆ.