ಇಮ್ಯಾಟಿನಿಬ್ ತಗೊಳ್ಳುವವರ ಮನೆಯವರಿಗೆ

ನಮ್ಮ ಯಜಮಾನರಿಗೆ ಸಿ.ಎಂ.ಎಲ್., ಅಂದರೆ ಒಂದು ಬಗೆಯ ರಕ್ತದ ಕ್ಯಾನ್ಸರ್. ದಿನಾ 400 ಮಿ.ಗ್ರಾಂ. ಇಮ್ಯಾಟಿನಿಬ್. ಮೊದಲ ವಾರ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಕಾಫಿ ಜೊತೆ ನುಂಗಿದರು, ಅರ್ಧ ಗಂಟೆಗೆಲ್ಲ ವಾಂತಿ. ಇದನ್ನು ಊಟದ ಜೊತೆ, ದೊಡ್ಡ ಲೋಟ ತುಂಬ ನೀರು ಕುಡಿದು ತಗೋಬೇಕು. ಈಗ ಮಧ್ಯಾಹ್ನ ತಟ್ಟೆಯಲ್ಲಿ ನಾಲ್ಕು ತುತ್ತು ಮೊಸರನ್ನ ಉಳಿಸಿಕೊಂಡು, ಮಾತ್ರೆ ನುಂಗಿ, ಆಮೇಲೆ ಅದನ್ನು ತಿನ್ನುತ್ತಾರೆ. ವಾಂತಿ ನಿಂತಿದೆ.

ಎಲ್ಲ ಮಾತ್ರೆಗೂ ಇದೇ ಲೆಕ್ಕ ಅಂದುಕೊಳ್ಳಬೇಡಿ. ಇದೇ ಕಾಯಿಲೆಗೆ ಕೊಡುವ ನಿಲೋಟಿನಿಬ್ ಕ್ಯಾಪ್ಸೂಲ್‌ಗೆ 2 ಗಂಟೆ ಮೊದಲು, 1 ಗಂಟೆ ನಂತರ ಏನೂ ತಿನ್ನಬಾರದು. ಊಟದ ಜೊತೆ ತಗೊಂಡರೆ ಔಷಧ ರಕ್ತದಲ್ಲಿ ಹೆಚ್ಚಾಗಿ ಹೃದಯದ ಬಡಿತಕ್ಕೇ ತೊಂದರೆ.

ಗ್ರೇಪ್‌ಫ್ರೂಟ್ ಎರಡಕ್ಕೂ ಬೇಡ. ಔಷಧವನ್ನು ಒಡೆಯುವ ಕಿಣ್ವವನ್ನು ಅದು ತಡೆಯುತ್ತದೆ. ನಮ್ಮ ದೇವನಹಳ್ಳಿ ಚಕ್ಕೋತವೂ ಅದೇ ಬಳಗದ್ದು, ಹಾಗಾಗಿ ನಾವು ಮನೆಗೇ ತರುತ್ತಿಲ್ಲ.

ಹೃದಯ, ಕಿಡ್ನಿ ತೊಂದರೆ ಇದ್ದವರು ದಿನಾ ಬೆಳಿಗ್ಗೆ ತೂಕ ನೋಡಿಕೊಳ್ಳಿ. ಇಮ್ಯಾಟಿನಿಬ್‌ನಿಂದ ಮೈಯಲ್ಲಿ ನೀರು ತುಂಬುತ್ತದೆ. ಇವರಿಗೆ ಮೊದಲು ಕಣ್ಣಿನ ಸುತ್ತ ಊದಿತ್ತು. ತೂಕ ದಿಢೀರ್ ಏರಿದರೆ, ಉಸಿರು ಕಟ್ಟಿದರೆ ಮುಂದಿನ ತಪಾಸಣೆವರೆಗೆ ಕಾಯಬೇಡಿ, ಕೂಡಲೇ ಡಾಕ್ಟರಿಗೆ ಫೋನ್ ಮಾಡಿ. ಥೈರಾಯ್ಡ್ ತೆಗೆಸಿಕೊಂಡು ಮಾತ್ರೆ ನುಂಗುತ್ತಿರುವವರು, ರಕ್ತ ತೆಳುವಾಗಿಸುವ ವಾರ್ಫರಿನ್ ತಗೊಳ್ಳುವವರು ಅದನ್ನು ಮೊದಲೇ ಹೇಳಿಬಿಡಿ. ಜ್ವರಕ್ಕೆ ಪ್ಯಾರಸಿಟಮಾಲ್ ಕೂಡ ಕೇಳದೆ ನುಂಗಬೇಡಿ, ಕಷಾಯದ ಪುಡಿಗಳೂ ಅಷ್ಟೇ. ನಾನು ಎಲ್ಲ ಖಾಲಿ ಸ್ಟ್ರಿಪ್‌ಗಳನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ ಡಾಕ್ಟರ್ ಮೇಜಿನ ಮೇಲೆ ಸುರಿಯುತ್ತೇನೆ.